ಪತ್ರಾ ಕೇಳಿದವರಿಗೆ ಪತ್ರ ಕಳುಹಿಸಿದ ಅಧಿಕಾರಿಗಳಿಗೆ

ನೆಲ್ಲಿಗುಡ್ಡ ಭೂಕಂಪ ಪರಿಹಾರ ಕಾರ್ಯದ ವಿಶೇಷಾಧಿಕಾರಿಗಳೇ,

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ತಿಂಗಳು ಇದೇ ವಾರಪತ್ರಿಕೆಯಲ್ಲಿ ತಮಗೆ ಬರೆದ ಬಹಿರಂಗ ಪತ್ರದಲ್ಲಿ, ಚಿಂಚೋಳಿಯ ಮೇಲಿನ ನೆಲ್ಲಿಗುಡ್ಡದ ಚಂದ್ರಾಮಪ್ಪನೆಂಬ ಕಲ್ಲುಕೆಲಸದವನು ಏಪ್ರಿಲ್ ಇಪ್ಪತ್ತೊಂಬತ್ತರ ಭೂಕಂಪದಲ್ಲಿ ಮೃತನಾದನೆಂದು ನಾನು ಬರೆದಿದ್ದೆ. ಅದು ಸುಳ್ಳು. ಚಂದ್ರಾಮಪ್ಪ ಸತ್ತದ್ದು ಜುಲೈ ಎರಡರಂದು, ಛಾವಣಿಯಿಲ್ಲದ ಮನೆಯಲ್ಲಿ ಮಳೆಗೆ ನೆನೆದು, ತಾವು ಪರಿಹಾರ ಕಾರ್ಯವನ್ನು ಯಶಸ್ವಿಯಾಗಿ ಮುಕ್ತಾಯಗೊಳಿಸಿದ ಬಳಿಕ. ತಮ್ಮ ಕಾರ್ಯಾಲಯದ ಪ್ರಕಟಣೆಯನ್ನು ನಂಬಿ, ಅದರಲ್ಲಿದ್ದ ದಿನಾಂಕಗಳನ್ನು ನಾನು ಇದ್ದದ್ದು ಇದ್ದ ಹಾಗೆ ನಕಲು ಮಾಡಿದೆ. ಮಕ್ಕಳ ನಕಲನ್ನು ಹಿಡಿಯುವುದರಲ್ಲಿಯೇ ಆಯುಷ್ಯ ಕಳೆದ ಕನ್ನಡ ಪಂಡಿತನೊಬ್ಬನು ಮುಪ್ಪಿನಲ್ಲಿ ತಾನೇ ನಕಲು ಮಾಡಿ ಸಿಕ್ಕಿಬಿದ್ದಿದ್ದಾನೆ.

ನನ್ನನ್ನು ಹಿಡಿದವಳು ಚಂದ್ರಾಮಪ್ಪನ ಹೆಂಡತಿ ಸುಂದರಬಾಯಿ. ಪತ್ರಿಕೆಯನ್ನು ಯಾರೋ ಓದಿ ಹೇಳಿದ್ದಾರೆ. ಆಕೆ ಗುಡ್ಡವಿಳಿದು, ಚಂದಾಪುರಕ್ಕೆ ನಡೆದು, ಅಲ್ಲಿಂದ ಮೋಟಾರು ಹತ್ತಿ ಸೇಡಮಿನ ನನ್ನ ಮನೆಯ ಬಾಗಿಲಿಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ. ಹೊಸ್ತಿಲ ಆಚೆ ನಿಂತುಕೊಂಡೇ ಕೇಳಿದಳು.

"ಮಾಸ್ತರ್ರ, ನನ್ನ ಗಂಡ ಇನ್ನಾ ಎರಡ ತಿಂಗಳ ಬದುಕಿದ್ದ. ನೀವ್ಯಾಕ ಆಗೇ ಕೊಂದ್ರಿ?"

ಈ ವಾಕ್ಯದಲ್ಲಿ ತಿದ್ದುವಂಥದ್ದು ನನಗೇನೂ ಕಾಣಲಿಲ್ಲ. ಓದುಗರ ಕ್ಷಮೆಯನ್ನು ಇಲ್ಲಿ ಕೇಳುತ್ತಿದ್ದೇನೆ; ಸುಂದರಬಾಯಿಯ ಕ್ಷಮೆಯನ್ನು ಅಂದೇ ಕೇಳಿದ್ದೇನೆ. ತಮ್ಮಲ್ಲಿ ಕೇಳಬೇಕಾದ ಕ್ಷಮೆಯೊಂದಿದೆಯೇ ಎಂದು ಆ ಹಳೆಯ ಪತ್ರವನ್ನು ಮತ್ತೊಮ್ಮೆ ಓದಿ ನೋಡಿದೆ. ಅದರಲ್ಲಿ 'ದಯವಿಟ್ಟು' ಎಂಬ ಪದವನ್ನು ಮೂರು ಕಡೆ ಬಳಸಿದ್ದೇನೆ. ಆ ಮೂರಕ್ಕಾಗಿ ನನ್ನನ್ನು ನಾನೇ ಕ್ಷಮಿಸಿಕೊಳ್ಳಲಾರೆ. ಈ ಪತ್ರದಲ್ಲಿ ಆ ಪದವು ಇನ್ನೆಲ್ಲಿಯಾದರೂ ಕಂಡರೆ, ಅಚ್ಚು ಜೋಡಿಸುವವರು ಅಭ್ಯಾಸಬಲದಿಂದ ಸೇರಿಸಿದ ಮುದ್ರಣದೋಷವೆಂದು ತಾವು ತಿಳಿಯತಕ್ಕದ್ದು.

ದೂರು ಇಷ್ಟೇ. ನೆಲ್ಲಿಗುಡ್ಡದ ಜನ ಬಿದ್ದ ಮನೆಗಳಿಗೆ ಹೊದಿಸಲು ಪತ್ರಾ ಕೇಳಿದರು. ತಾವು ಪತ್ರ ಕೊಟ್ಟಿರಿ. ಮಳೆ ಬಂತು, ಒಬ್ಬ ಸತ್ತ. ಆ ಸಾವನ್ನು ತಾವು ಭೂಕಂಪದ ಹೆಸರಿಗೆ ಬರೆದು ಕೈತೊಳೆದುಕೊಂಡಿರಿ. ಸುಂದರಬಾಯಿ ಆ ದಿನಾಂಕವನ್ನು ತಿದ್ದಿರೆಂದು ಕೇಳುತ್ತಿದ್ದಾಳೆ. ತಾವು ತಿದ್ದುವುದಿಲ್ಲವೆನ್ನುತ್ತೀರಿ.

ಬೇರೆ ಪ್ರಾಂತದ ಓದುಗರ ಅನುಕೂಲಕ್ಕಾಗಿ ಒಂದು ವಿವರಣೆ ಅವಶ್ಯ. ನಮ್ಮ ಕಲಬುರಗಿ ಸೀಮೆಯಲ್ಲಿ ಮನೆಯ ಮೇಲೆ ಹೊದಿಸುವ ಅಲೆಯಲೆಯಾದ ತಗಡಿಗೆ 'ಪತ್ರಾ' ಎನ್ನುತ್ತಾರೆ. ಕೊನೆಯಲ್ಲಿ ದೀರ್ಘವಿದೆ. ಈ ಪತ್ರವೆಲ್ಲ ಆ ಒಂದು ದೀರ್ಘದ ಮೇಲೆ ನಿಂತಿದೆ. ಅದು ಬಿದ್ದುಹೋದಾಗ ಏನು ಬಿದ್ದಿತೆಂಬುದನ್ನು ಮುಂದೆ ಹೇಳುತ್ತೇನೆ.

ಚಂದ್ರಾಮಪ್ಪ ನನಗೆ ಹೊಸಬನಲ್ಲ. ಆತ ಶಹಾಬಾದಿನ ಕಲ್ಲುಗಣಿಗಳಲ್ಲಿ ಬಹುಕಾಲ ದುಡಿದವನು. ನನ್ನ ಮನೆಯ ಪಡಸಾಲೆಗೆ ಕಲ್ಲು ಹಾಸಿದವನೂ ಅವನೇ. ಆತ ಮಾತುಮಾತಿಗೂ 'ಫರಸಿ, ಫರಸಿ' ಎನ್ನುತ್ತಿದ್ದುದನ್ನು ಕೇಳಲಾರದೆ, ಹಾಸುಗಲ್ಲು ಎಂಬ ಅಚ್ಚಗನ್ನಡ ಪದವಿರುವಾಗ ಪರದೇಶದ ಪದವೇಕೆಂದು ನಾನು ಗದರಿದ್ದೆ. ಆತ ಸುತ್ತಿಗೆಯನ್ನು ಕೆಳಗಿಡದೆಯೇ ಉತ್ತರ ಕೊಟ್ಟ. "ಹೆಸರ ನೀವು ಇಡ್ರಿ ಮಾಸ್ತರ್, ಕಲ್ಲ ನಾ ಇಡ್ತೀನಿ. ಎರಡೂ ನೀವೇ ಇಟ್ರ ನಾ ಉಪಾಸ ಸಾಯ್ತೀನಿ." ಆತ ಹಾಸಿದ ಕಲ್ಲಿನ ಮೇಲೆಯೇ ಮೇಜು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮೇಜು ಅಲುಗುವುದಿಲ್ಲ.

ಗಣಿಯ ಕೆಲಸ ಬಿಟ್ಟು ತನ್ನೂರಿಗೆ ಮರಳುವಾಗ ಆತನಿಗೆ ಒಂದೇ ಒಂದು ಹಂಬಲವಿತ್ತು: ಹುಲ್ಲು ಹೊದಿಸಿದ ಮನೆಗಳ ನಡುವೆ ತನ್ನದೊಂದು ಮನೆಗೆ ಕಲ್ಲಿನ ಮಾಳಿಗೆ ಇರಬೇಕು. ಬಂಡಿ ಹೋಗದ ದಾರಿಯಲ್ಲಿ, ಊರಿಗೆ ಹೋದಾಗಲೆಲ್ಲ ಒಂದೊಂದು ಚಪ್ಪಡಿಯನ್ನು ತಲೆಯ ಮೇಲೆ ಹೊತ್ತು ಏರಿಸಿದ. ಏಪ್ರಿಲ್ ಇಪ್ಪತ್ತೊಂಬತ್ತರಂದು ಭೂಮಿ ನಡುಗಿದಾಗ ಆ ಚಪ್ಪಡಿಗಳೇ ಅವನ ಸೊಂಟದ ಮೇಲೆ ಬಿದ್ದವು. ಉಳಿದವರ ಮಣ್ಣಿನ ಗೋಡೆಗಳೂ ಬಿದ್ದವು, ಯಾರೂ ಸಾಯಲಿಲ್ಲ. ಚಂದ್ರಾಮಪ್ಪನೂ ಸಾಯಲಿಲ್ಲ. ಚಂದಾಪುರದಿಂದ ಎಲುಬು ಕಟ್ಟುವವನು ಹತ್ತಿ ಹೋಗಿ, ಬಿದಿರಿನ ದಬ್ಬೆ ಕಟ್ಟಿ, ಮೂರು ತಿಂಗಳು ಇವನನ್ನು ಮಲಗಿದ ಜಾಗದಿಂದ ಎತ್ತಬಾರದು, ಎತ್ತಿದರೆ ಸೊಂಟ ಕೂಡುವುದಿಲ್ಲ, ಎತ್ತದಿದ್ದರೆ ಎದ್ದು ನಡೆಯುತ್ತಾನೆ ಎಂದು ಹೇಳಿ ಬಂದ. ತಮ್ಮ ಕಾರ್ಯಾಲಯವು ಕಳುಹಿಸಿದ ವೈದ್ಯರೂ ಬಂದಿದ್ದರು. ಅವರು ಗುಡ್ಡದ ಬುಡದವರೆಗೆ ಬಂದು, ಬುಡದ ಆರೋಗ್ಯವನ್ನು ಪರೀಕ್ಷಿಸಿ ಹಿಂದಿರುಗಿದರು.

ಆದುದರಿಂದ ವಿಷಯ ಬಹಳ ಸರಳವಾಗಿತ್ತು. ಚಂದ್ರಾಮಪ್ಪನು ಛಾವಣಿಯ ಬಳಿಗೆ ಹೋಗುವಂತಿರಲಿಲ್ಲ. ಛಾವಣಿಯೇ ಅವನ ಬಳಿಗೆ ಬರಬೇಕಿತ್ತು, ಮಳೆಗಿಂತ ಮೊದಲು. ಬೇಸಗೆಯಲ್ಲಿ ಗುಡ್ಡದಲ್ಲಿ ಹೊದಿಕೆಯ ಹುಲ್ಲು ಸಿಗದು, ಅದು ಬೆಳೆಯುವುದು ಮಳೆ ಮುಗಿದ ಮೇಲೆ. ಹೀಗಾಗಿ ಊರವರೆಲ್ಲ ಕೂಡಿ ಮನವಿ ಬರೆಸಿದರು. ಬರೆದವನು ಹಾಜಿಮಲಂಗ್, ಗಣಿಯಲ್ಲಿ ಚಂದ್ರಾಮಪ್ಪನ ಜೊತೆಗಾರನಾಗಿದ್ದವನು, ಅದೇ ಊರಿನವನು, ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಮನವಿಯ ಒಕ್ಕಣೆ ಇದು: "ಭೂಮಿ ನಡುಗಿ ಮನಿ ಬಿದ್ದಾವ. ಮಳಿಗಾಲ ಬರೂದ್ರೊಳಗ ಮನಿಗಿ ಹತ್ತು ಪತ್ರಾ ಕೊಡಬೇಕು. ಮೊಳಿ ನಾವೇ ತರ್ತೀವಿ." ನನ್ನ ತರಗತಿಯಲ್ಲಿ ಈ ಒಕ್ಕಣೆಗೆ ನಾನು ಬಹಳ ಅಂಕ ಕೊಡುತ್ತಿರಲಿಲ್ಲ. ಆದರೆ ಅದರಲ್ಲಿ ಏನಾಯಿತು, ಏನು ಬೇಕು, ಯಾವಾಗ ಬೇಕು, ಬೇಡುವವರ ಪಾಲಿನ ಹೊಣೆಯೇನು ಎಂಬ ನಾಲ್ಕೂ ಇವೆ. ತಮ್ಮ ಕಾರ್ಯಾಲಯದಿಂದ ಹೊರಟ ಯಾವ ಸುತ್ತೋಲೆಯಲ್ಲಿ ಈ ನಾಲ್ಕನ್ನು ಒಟ್ಟಿಗೆ ತೋರಿಸಬಲ್ಲಿರಿ?

ತಾವು ಮೈಸೂರು ಕಡೆಯಿಂದ ಬಂದವರು. ಪತ್ರಾ ಎಂದರೆ ತಗಡೆಂದು ತಮಗೆ ತಿಳಿಯದಿದ್ದುದು ಅಪರಾಧವಲ್ಲ. ರಾಜ್ಯಗಳು ಒಂದಾಗಿ ಏಳು ವರ್ಷವಾಗಿದೆ. ಪದಗಳು ಒಂದಾಗಲು ಇನ್ನಷ್ಟು ಕಾಲ ಬೇಕು. ಆದರೆ ಆ ಮೊಳೆ? ಪತ್ರಕ್ಕೆ ಮೊಳೆ ಏಕೆಂದು ತಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲವೇ? ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಲು ಕೇಳುತ್ತಿದ್ದಾರೆಂದು ಭಾವಿಸಿದಿರೇ? ಗೋಡೆ ಬಿದ್ದಿದೆಯೆಂದೇ ಅಲ್ಲವೇ ಅವರು ಬರೆದದ್ದು? ತಮ್ಮ ಗುಮಾಸ್ತರು ಮನವಿಯನ್ನು ಶುದ್ಧಪ್ರತಿ ಮಾಡುವಾಗ ಕೊನೆಯ ದೀರ್ಘವನ್ನು ನುಂಗಿದರು. ಮೊಳೆಯ ವಾಕ್ಯವನ್ನು ಅನವಶ್ಯಕವೆಂದು ಬಿಟ್ಟರು. ಮನೆಗೆ ಹತ್ತರಂತೆ ಪತ್ರ ಕೇಳಿದ್ದಾರೆ, ಪಾಪ, ಕೊಡೋಣ ಎಂದು ತಾವು ಔದಾರ್ಯ ತೋರಿದಿರಿ. 'ಈ ಪತ್ರವನ್ನು ಹೊಂದಿರುವ ಕುಟುಂಬವು ಭೂಕಂಪದಿಂದ ಸಂತ್ರಸ್ಥವಾಗಿರುತ್ತದೆ' ಎಂಬ ಪ್ರಮಾಣಪತ್ರಗಳನ್ನು ಅಚ್ಚು ಹಾಕಿಸಿ, ಒಂದೊಂದಕ್ಕೂ ನೇರಳೆ ಮಸಿಯ ಮುದ್ರೆ ಒತ್ತಿಸಿದಿರಿ. ಸಂತ್ರಸ್ತ ಎಂಬಲ್ಲಿ ಅಲ್ಪಪ್ರಾಣ ಸಾಕು. ತಾವು ಮಹಾಪ್ರಾಣ ಹಾಕಿದ್ದೀರಿ. ಪ್ರಾಣದ ವಿಷಯದಲ್ಲಿ ತಮ್ಮ ಅಜಾಗರೂಕತೆ ಅಲ್ಲಿಂದಲೇ ತೊಡಗಿದೆ.

ಪರಿಹಾರ ಬರುತ್ತದೆಂದು ಸುದ್ದಿ ಬಂದ ದಿನ ನೆಲ್ಲಿಗುಡ್ಡದ ಜನವೆಲ್ಲ ಗುಡ್ಡದ ಬುಡಕ್ಕಿಳಿದು ಕಾದಿದ್ದರು. ತಗಡು ಹೊತ್ತು ಏರಬೇಕಲ್ಲ. ಹೆಂಗಸರ ತಲೆಯ ಮೇಲೆ ಸಿಂಬಿ, ಗಂಡಸರ ಹೆಗಲ ಮೇಲೆ ಹಗ್ಗ. ತಮ್ಮ ಕಾರ್ಯಾಲಯದ ಜವಾನ ಅಂಬರಾಯ ಒಬ್ಬನೇ ನಡೆದುಕೊಂಡು ಬಂದ, ಹೆಗಲಿಗೊಂದು ಚೀಲ. ಹಾಜಿಮಲಂಗ್ ಅವನ ಹಿಂದೆ ದಾರಿಯುದ್ದಕ್ಕೂ ಕಣ್ಣು ಹಾಯಿಸಿ, ಬಂಡಿ ಎಲ್ಲಿ ಬಿಟ್ಟೆ ಎಂದು ಕೇಳಿದನಂತೆ. ಬಂಡಿ ಯಾಕೆ, ಎಲ್ಲವೂ ಚೀಲದಲ್ಲಿವೆ ಎಂದ ಅಂಬರಾಯ.

"ಇಡೀ ಊರಿನ ಪತ್ರಾ ಒಂದ ಚೀಲದಾಗ ಹ್ಯಾಂಗ ಹಿಡದಾವೋ ಮಾರಾಯ? ಮಡಚಿಕೊಂಡು ಬಂದೀಯೇನ್?"

"ಮಡಚಿಲ್ಲೋ. ಮಡಚಿದ್ರ ಸಾಹೇಬ್ರು ಬೈತಾರ."

ಅಂಬರಾಯ ಚೀಲ ಬಿಚ್ಚಿ ಕಾಗದಗಳನ್ನು ಹೊರತೆಗೆದಾಗ ಕೆಲವರು ನಕ್ಕರಂತೆ. ಅವನು ಈ ಸೀಮೆಯವನೇ. ಜನರ ತಲೆಯ ಮೇಲಿನ ಸಿಂಬಿಗಳನ್ನು ಕಂಡ ಕೂಡಲೇ ಅವನಿಗೆ ಎಲ್ಲವೂ ಅರ್ಥವಾಯಿತು, ತಲೆ ತಗ್ಗಿಸಿ ಹೆಸರು ಕರೆಯತೊಡಗಿದ. ಸುಂದರಬಾಯಿ ತನ್ನ ಪಾಲಿನ ಹತ್ತು ಕಾಗದಗಳನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ತಲೆಯ ಮೇಲಿನ ಸಿಂಬಿಯನ್ನು ಬಿಚ್ಚಿದಳು. "ಇವಕ್ಕ ಸಿಂಬಿ ಬ್ಯಾಡ," ಎಂದಳಂತೆ. ಅಷ್ಟೇ.

ಇಲ್ಲಿಯವರೆಗೆ ನಡೆದುದನ್ನು ನಾನು ಪ್ರಮಾದವೆನ್ನುತ್ತೇನೆ. ಇಲ್ಲಿಂದ ಮುಂದೆ ಆ ಪದವನ್ನು ಬಳಸುವುದಿಲ್ಲ. ಹಾಜಿಮಲಂಗ್ ಮರುದಿನವೇ ತಮ್ಮ ಚಂದಾಪುರದ ಕಾರ್ಯಾಲಯಕ್ಕೆ ಬಂದು, ಅಂಗಳದ ಶೆಡ್ಡಿನ ಮೇಲೆ ಹೊದಿಸಿದ್ದ ತಗಡನ್ನೇ ಬೆರಳು ಮಾಡಿ ತೋರಿಸಿ, ಇದಕ್ಕೆ ನಾವು ಪತ್ರಾ ಎನ್ನುತ್ತೇವೆ ಎಂದು ತಿಳಿಸಿದ. ತಾವು ಕಿಟಕಿಯಿಂದ ಅದನ್ನು ನೋಡಿದಿರಿ. ನೋಡಿದ ಮೇಲೂ, ಮನವಿ ವಿಲೇವಾರಿಯಾಗಿದೆ, ಹೊಸ ಬೇಡಿಕೆಗೆ ಅವಕಾಶವಿಲ್ಲ ಎಂದು ಹೇಳಿಸಿದಿರಿ. ಆ ಕ್ಷಣದಿಂದ ಅಜ್ಞಾನವು ತಮ್ಮನ್ನು ಕಾಪಾಡಲಾರದು. ಅರಿಯದೆ ದೀರ್ಘ ನುಂಗಿದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿ ಬಿಟ್ಟುಬಿಡುತ್ತಿದ್ದೆ. ಅರಿತೂ ನುಂಗಿದವರಿಗೆ ಬೇರೆ ಶಿಕ್ಷೆಯಿದೆ.

ಹಾಜಿಮಲಂಗ್ ತಮ್ಮ ಬಾಗಿಲಿನಿಂದ ನೇರವಾಗಿ ಶಹಾಬಾದಿಗೆ ಹೋದ. ಗಣಿಯ ಹಳೆಯ ಜೊತೆಗಾರರೂ ಭಂಕೂರದ ಕಲ್ಲುಕೆಲಸದವರೂ ಸುದ್ದಿ ಕೇಳಿ, ಬಿಸಿಲಿಗೆಂದು ಕಟ್ಟಿಕೊಂಡಿದ್ದ ಚಪ್ಪರಗಳ ಮೇಲಿನ ತಗಡುಗಳನ್ನೇ ಕಿತ್ತು ಕೊಟ್ಟರು. ಹಳೆಯ ತಗಡು, ಅಲ್ಲಲ್ಲಿ ತೂತು. ಆದರೆ ಒಂದೂರಿಗೆ ಸಾಕಾಗುವಷ್ಟು. ಪರಿಹಾರ ಸಾಮಗ್ರಿಯೆಂದು ಬರೆಸಿ, ಬಾಡಿಗೆ ಬೀಳದಿರಲೆಂದು ತಮ್ಮ ಹುದ್ದೆಯ ವಿಳಾಸಕ್ಕೆ ರೈಲಿಗೆ ಹಾಕಿದರು. ವಾಡಿಯ ಮೂಲಕ ಅವು ಜೂನ್ ಆರರಂದು ಸೇಡಂ ನಿಲ್ದಾಣಕ್ಕೆ ಬಂದಿಳಿದವು. ತಮ್ಮ ಹಸ್ತಾಕ್ಷರವೊಂದಿದ್ದರೆ ಮರುದಿನ ಗುಡ್ಡ ಸೇರುತ್ತಿದ್ದವು. ನಿಲ್ದಾಣದವರು ತಮಗೆ ತಿಳಿಸಿದರು. ತಮ್ಮ ಉತ್ತರದ ಪ್ರತಿ ನನ್ನ ಮುಂದಿದೆ: 'ನೆಲ್ಲಿಗುಡ್ಡದ ಮನವಿಯಲ್ಲಿ ತಗಡಿನ ಬೇಡಿಕೆ ಇರುವುದಿಲ್ಲ. ಪತ್ರದ ಬೇಡಿಕೆಯನ್ನು ಪೂರ್ಣವಾಗಿ ಪೂರೈಸಲಾಗಿದೆ. ಆದುದರಿಂದ ಸದರಿ ಸಾಮಗ್ರಿಯನ್ನು ಸ್ವೀಕರಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ.'

ಉದ್ಭವಿಸುವುದಿಲ್ಲ! ಗುಡ್ಡದಲ್ಲಿ ಹುಲ್ಲು ಉದ್ಭವಿಸದು, ಕಾರ್ಯಾಲಯದಲ್ಲಿ ಪ್ರಶ್ನೆ ಉದ್ಭವಿಸದು. ಹಾಗಾದರೆ ತಾವು ಹೇಗೆ ಉದ್ಭವಿಸಿದಿರಿ?

ಜೂನ್ ಒಂಬತ್ತರಂದು ಮೃಗಶಿರಾ ಮಳೆ ಹೊಡೆಯಿತು. ಅಂದು ನಾನು ಚಿತ್ತಾಪುರದಿಂದ ಬರುವ ಮಗಳನ್ನು ಕರೆತರಲು ನಿಲ್ದಾಣಕ್ಕೆ ಹೋಗಿದ್ದೆ. ಸರಕು ಕಟ್ಟೆಯ ಹಿಂದೆ ಬಯಲಿನಲ್ಲಿ ಆ ತಗಡುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಳೆ ಅವುಗಳ ಮೇಲೆ ಬೀಳುತ್ತಿತ್ತು. ತಗಡಿನ ಮೇಲೆ ಮಳೆ ಬೀಳುವ ಶಬ್ದವನ್ನು ಮನೆಯೊಳಗೆ ಮಲಗಿ ಕೇಳಿದವರಿಗೆ ಅದೊಂದು ಸುಖ. ಹೊರಗೆ ನಿಂತು, ಕೆಳಗೆ ಯಾರೂ ಮಲಗಿಲ್ಲದ ತಗಡಿನ ಮೇಲೆ ಅದು ಬಡಿಯುವುದನ್ನು ಕೇಳಿದವರು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ತಮಗೆ ಆ ಶಬ್ದವನ್ನು ಅಕ್ಷರಗಳಲ್ಲಿ ಬರೆದು ತೋರಿಸಬೇಕೆಂದು ಬಹಳ ಪ್ರಯತ್ನಿಸಿದೆ. ಐವತ್ತು ಅಕ್ಷರಗಳಲ್ಲಿ ಅದಕ್ಕೆ ಬೇಕಾದುದು ಇಲ್ಲ.

ಅದೇ ಮಳೆ ನೆಲ್ಲಿಗುಡ್ಡದ ಮೇಲೂ ಬಿತ್ತು. ಸುಂದರಬಾಯಿ ನಿಂತಿದ್ದ ಎರಡು ಗೋಡೆಗಳ ಮೂಲೆಗೆ ಕೋಲು ಅಡ್ಡ ಹಾಕಿ, ಕಂಬಳಿ ಹೊದಿಸಿ, ಕಂಬಳಿಯ ಕೆಳಗೆ ಈಚಲು ಗರಿ ಹಾಸಿ, ಗರಿಯ ಸಂದಿಗಳಿಗೆ ತಾವು ಕೊಟ್ಟ ಹತ್ತು ಪತ್ರಗಳನ್ನು ತುರುಕಿದಳು. ಹೊದಿಸಲು ಕೇಳಿದ್ದನ್ನು ಹೊದಿಸಿಯೇ ಬಿಟ್ಟಳು; ತಮ್ಮ ಪ್ರಮಾಣಪತ್ರಕ್ಕೆ ಅದಕ್ಕಿಂತ ಹೆಚ್ಚಿನ ಗೌರವವನ್ನು ಯಾರೂ ಕೊಡಲಾರರು. ಕಾಗದ ಎಷ್ಟು ಹೊತ್ತು ತಡೆದೀತು? ನೆನೆದು ಕಳಚಿ ಮಲಗಿದವನ ಎದೆಯ ಮೇಲೆ ಬಿದ್ದವು. ಆತನಿಗೆ ಅವನ್ನು ಎತ್ತಿ ಎಸೆಯಲೂ ಆಗಲಿಲ್ಲ, ಹೊರಳಲೂ ಆಗಲಿಲ್ಲ, ಹೊರಳಬಾರದೆಂದು ಅಪ್ಪಣೆಯಾಗಿತ್ತು. ಜ್ವರ ಬಂತು, ಕೆಮ್ಮು ಬಂತು, ಎದೆ ಕಟ್ಟಿತು. ಆರಿದ್ರಾ ಮಳೆಯೆಲ್ಲ ಆತ ಹೀಗೆ ಕಳೆದ. ಸೊಂಟ ಕೂಡುತ್ತ ಬಂದಿತ್ತೆಂದು ಸುಂದರಬಾಯಿ ಹೇಳುತ್ತಾಳೆ. ಬೆರಳು ಆಡಿಸುತ್ತಿದ್ದನಂತೆ, ಹಬ್ಬಕ್ಕೆ ಎದ್ದು ಕೂಡುತ್ತೇನೆ ಎನ್ನುತ್ತಿದ್ದನಂತೆ. ಜುಲೈ ಎರಡರ ಸಂಜೆ ಉಸಿರು ನಿಂತಿತು.

ಮೈತೊಳೆಯುವಾಗ ಎದೆಯ ಮೇಲೆ ನೇರಳೆ ಬಣ್ಣದ ಒಂದು ದುಂಡನೆಯ ಗುರುತು ಕಂಡಿತು. "ಎಷ್ಟ ತಿಕ್ಕಿದ್ರೂ ಹೋಗ್ಲಿಲ್ರಿ," ಎಂದಳು ಆಕೆ. ಅದು ತಮ್ಮ ಮುದ್ರೆ. ಪರಿಹಾರ ಪಡೆದವರಲ್ಲಿ ಸರ್ಕಾರದ ಮುದ್ರೆಯನ್ನು ಮೈಮೇಲೆ ಒತ್ತಿಸಿಕೊಂಡು ಮಣ್ಣಿಗೆ ಹೋದವನು ಚಂದ್ರಾಮಪ್ಪನೊಬ್ಬನೇ. ತಾವು ಇದನ್ನು ತಮ್ಮ ವರದಿಯಲ್ಲಿ ಸೇರಿಸಿಕೊಳ್ಳಬಹುದು.

ಆದರೆ ತಮ್ಮ ವರದಿಯಲ್ಲಿ ಸೇರಿದ್ದು ಬೇರೆ. 'ಪರಿಹಾರ ಕಾರ್ಯ ಆರಂಭವಾದ ಬಳಿಕ ಒಂದು ಜೀವವೂ ಹೋಗಿರುವುದಿಲ್ಲ' ಎಂದು ತಾವು ಪ್ರಕಟಿಸಿದಿರಿ. ಆ ವಾಕ್ಯವನ್ನು ಉಳಿಸಿಕೊಳ್ಳಬೇಕಾದರೆ ಚಂದ್ರಾಮಪ್ಪ ಮೊದಲೇ ಸಾಯಬೇಕಿತ್ತು. ಆತ ಹಾಗೆ ಮಾಡಲಿಲ್ಲ, ತಾವು ಮಾಡಿಸಿದಿರಿ. ನೋಂದಣಿ ಪುಸ್ತಕದಲ್ಲಿ ಆತನ ಮರಣದ ದಿನವನ್ನು ಏಪ್ರಿಲ್ ಇಪ್ಪತ್ತೊಂಬತ್ತೆಂದು ಬರೆದಿರಿ. ಭೂಮಿಗೆ ಬಾಯಿಲ್ಲ, ವರ್ಗವಾಗುವ ಭಯವಿಲ್ಲ, ಮೇಲಧಿಕಾರಿಗಳಿಲ್ಲ. ಯಾವ ಸಾವನ್ನಾದರೂ ಅದರ ಹೆಸರಿಗೆ ಬರೆಯಬಹುದು. ಅದರ ಪರವಾಗಿ ನಾನೇ ಮಾತನಾಡುತ್ತೇನೆ. ಭೂಮಿ ಅರೆಗಳಿಗೆ ನಡುಗಿತು, ನಿಂತಿತು. ಕಲ್ಲು ಕೆಡವಿತು, ಜೀವ ಉಳಿಸಿತು. ಅದು ಉಳಿಸಿದ್ದನ್ನು ತಾವು ಮುಗಿಸಿದಿರಿ. ಕಲ್ಲಿಗಿಂತ ಕಾಗದ ಭಾರವೆಂದು ತೋರಿಸಿಕೊಟ್ಟಿರಿ.

ಆಗಸ್ಟ್ ಐದರಂದು ನಾವು ಮೂವರು, ಸುಂದರಬಾಯಿ, ಹಾಜಿಮಲಂಗ್ ಮತ್ತು ನಾನು, ತಮ್ಮ ಕಾರ್ಯಾಲಯಕ್ಕೆ ಬಂದಿದ್ದೆವು. ತಾವು ನನಗೊಂದು ಕುರ್ಚಿ ತರಿಸಿದಿರಿ, ಆಕೆಗೆ ತರಿಸಲಿಲ್ಲ. ನಾನು ಕೂಡಲಿಲ್ಲವೆಂಬುದನ್ನು ತಾವು ಗಮನಿಸಿರಲಾರಿರಿ. ಪತ್ರಾ ಮತ್ತು ಪತ್ರದ ವಿಷಯವನ್ನು ನಾನೆತ್ತಿದಾಗ ತಾವು ಮುಗುಳ್ನಕ್ಕಿರಿ.

"ಅವರು ತಗಡು ಅಂತ ಬರೀಬೇಕಿತ್ತು ಪಂಡಿತ್ರೇ. ಶುದ್ಧ ಕನ್ನಡ ಬಾರದೋರಿಗೆ ನಾವೇನು ಮಾಡೋಕಾಗತ್ತೆ? ತಮ್ಮಂಥವರೇ ಹೇಳಬೇಕು."

ಹೇಳುತ್ತೇನೆ, ಕೇಳಿ. ನಾನು ಎಷ್ಟೋ ಮಕ್ಕಳ ಬರಹದಲ್ಲಿ 'ಪತ್ರಾ' ಎಂಬುದನ್ನು ಕೆಂಪು ಮಸಿಯಿಂದ ಹೊಡೆದು 'ತಗಡು' ಎಂದು ತಿದ್ದಿದವನೇ. ಆದರೆ ತಿದ್ದುವ ಮೊದಲು ಅದರ ಅರ್ಥ ನನಗೆ ತಿಳಿದಿರುತ್ತಿತ್ತು. ಅರ್ಥ ತಿಳಿಯದೆ ತಿದ್ದುವವನಿಗೆ ಶುದ್ಧ ಭಾಷೆಯ ಹೆಸರೆತ್ತುವ ಹಕ್ಕಿಲ್ಲ. ಇನ್ನು ಶುದ್ಧಿಯ ಮಾತು ತಾವೇ ಎತ್ತಿದ್ದರಿಂದ, ಅದನ್ನೂ ಪೂರ್ತಿಯಾಗಿ ಹೇಳಿಬಿಡುತ್ತೇನೆ. ಪತ್ರವೆಂದರೆ ಮೂಲದಲ್ಲಿ ಕಾಗದವಲ್ಲ, ಎಲೆ. ಎಲೆಯಂತೆ ತೆಳುವಾದುದೆಲ್ಲಕ್ಕೂ ಆ ಹೆಸರು ಬಂದಿತು. ಲೋಹದ ತೆಳುಹಾಳೆಗೂ ಬಂದಿತು. ತಾಮ್ರಪತ್ರವನ್ನು ತಾವು ಕೇಳಿರಬೇಕು. ಅದು ತಾಮ್ರದ ಕುರಿತು ಬರೆದ ಕಾಗದವಲ್ಲ, ತಾಮ್ರದ ತಗಡು. ಆ ಪದ ಮರಾಠಿಯ ಮನೆಗೆ ಹೋಗಿ, ಕೊನೆಗೊಂದು ದೀರ್ಘ ತೊಟ್ಟುಕೊಂಡು ನಮ್ಮ ಸೀಮೆಗೆ ಬಂತು. ಅರ್ಥವನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಹಾಜಿಮಲಂಗ್ ಬರೆದದ್ದು ಸರಿ. ಅಶುದ್ಧವಾದದ್ದು ತಮ್ಮ ಓದು. ಈ ವಿಷಯದಲ್ಲಿ ನನ್ನದು ಕೊನೆಯ ತೀರ್ಪು; ಇದರ ಮೇಲೆ ಮನವಿ ಸಲ್ಲಿಸಲು ತಮಗೆ ಅವಕಾಶವಿಲ್ಲ.

ಮರಣದ ದಿನಾಂಕವನ್ನು ತಿದ್ದಿರೆಂದಾಗ ತಾವು ನೋಂದಣಿ ಪುಸ್ತಕವನ್ನೂ ಮಸಿದಾನಿಯನ್ನೂ ಸುಂದರಬಾಯಿಯ ಕಡೆಗೆ ಸರಿಸಿದಿರಿ. "ಅಲ್ಲಾ ಪಂಡಿತ್ರೇ, ನಾವು ಆಯಮ್ಮನಿಗೆ ಉಪಕಾರಾನೇ ಮಾಡಿರೋದು. ಭೂಕಂಪದಲ್ಲಿ ಸತ್ತವರಿಗೆ ಮಾತ್ರ ಮರಣ ಪರಿಹಾರ. ಜುಲೈ ಅಂತ ಬರೆದ್ರೆ ಒಂದು ಕಾಸೂ ಬರಲ್ಲ. ಹೆಬ್ಬೆಟ್ಟು ಒತ್ತಿಸಿ ಕರ್ಕೊಂಡು ಹೋಗಿ."

ಸುಂದರಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಗಂಡನನ್ನು ಕಳೆದುಕೊಂಡು, ಮನೆ ಕಳೆದುಕೊಂಡು, ಅಂದಿನ ಊಟಕ್ಕೂ ಹಾಜಿಮಲಂಗನ ಮನೆಯನ್ನು ನೆಚ್ಚಿಕೊಂಡಿದ್ದ ಹೆಂಗಸು ಆಕೆ. ಆ ಹಣ ಎಷ್ಟು ದಿನ ನಡೆಸುತ್ತದೆಂಬುದು ಆಕೆಗೆ ಗೊತ್ತಿಲ್ಲದ್ದೇನಲ್ಲ.

"ಒತ್ತಂಗಿಲ್ರಿ ಸಾಹೇಬ್ರ. ಭೂಮಿ ನಡುಗಿದಾಗೇ ಸತ್ತಾನಂತ ಒತ್ತಿದ್ರ, ಇಷ್ಟ ದಿನ ನಾ ಹೆಣದ ಬಾಯಾಗ ಗಂಜಿ ಹಾಕ್ಲಿಕತ್ತಿದ್ದೆನೇನ್ರಿ?"

ತಾವು ಗಡಿಯಾರ ನೋಡಿಕೊಂಡಿರಿ. ಅಂಬರಾಯ ಬಾಗಿಲ ಬಳಿ ನಿಂತಿದ್ದ. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ಅಂದು ಆ ಕೋಣೆಯಲ್ಲಿ ನಾಚಿಕೆ ಎಂಬುದು ಇದ್ದದ್ದು ಅಲ್ಲಿ, ಜವಾನನ ಮುಖದಲ್ಲಿ. ತಾವು ಅವನಿಂದ ಅದನ್ನು ಸ್ವಲ್ಪ ಕಡ ತರಬಹುದಿತ್ತು.

ಈಗ ಬೇಡಿಕೆಗೆ ಬರುತ್ತೇನೆ. ಮಘಾ ಮಳೆ ಹುಟ್ಟುವ ಮೊದಲು ಸೇಡಂ ನಿಲ್ದಾಣದ ತಗಡುಗಳಿಗೆ ತಮ್ಮ ಹಸ್ತಾಕ್ಷರ ಬೀಳಬೇಕು. ಅವು ಗುಡ್ಡ ಏರುವ ದಿನ ತಾವೂ ಏರಬೇಕು, ಬುಡದಲ್ಲಿ ನಿಲ್ಲಬಾರದು. ನೋಂದಣಿ ಪುಸ್ತಕವನ್ನು ತಾವೇ ಹೊತ್ತು ತರಬೇಕು. ಸುಂದರಬಾಯಿಯ ಎದುರಿಗೆ, ಊರವರ ಎದುರಿಗೆ, ಏಪ್ರಿಲ್ ಇಪ್ಪತ್ತೊಂಬತ್ತನ್ನು ಹೊಡೆದುಹಾಕಿ ಜುಲೈ ಎರಡೆಂದು ತಮ್ಮ ಕೈಯಿಂದಲೇ ಬರೆದು, ಗಟ್ಟಿಯಾಗಿ ಓದಿ ಹೇಳಬೇಕು. ಮರಣಕ್ಕೆ ಕಾರಣವೆಂಬ ಅಂಕಣದಲ್ಲಿ 'ಛಾವಣಿ ತಡೆಹಿಡಿಯಲ್ಪಟ್ಟದ್ದು' ಎಂದು ಬರೆಯತಕ್ಕದ್ದು. ವಾಕ್ಯ ಕರ್ಮಣಿಯಲ್ಲಿದೆಯೆಂದು ತಾವು ಸಮಾಧಾನಪಡಬೇಡಿ. ತಡೆಹಿಡಿದ ಕರ್ತೃ ಯಾರೆಂಬುದು ಓದುವವರಿಗೆ ತಿಳಿಯುತ್ತದೆ.

ಮಾಡದಿದ್ದರೆ? ನಾನು ನ್ಯಾಯಾಲಯಕ್ಕೆ ಹೋಗುವಷ್ಟು ಆಯುಷ್ಯ ಉಳಿಸಿಕೊಂಡಿಲ್ಲ. ಮಂತ್ರಿಗಳ ಪರಿಚಯವಿಲ್ಲ. ಆದರೆ ನಾನು ಶಾಲೆಯ ಮಕ್ಕಳಿಗಾಗಿ ಒಂದು ವ್ಯಾಕರಣ ಬರೆಯುತ್ತಿದ್ದೇನೆ. ಹ್ರಸ್ವ ದೀರ್ಘಗಳ ಪ್ರಕರಣದಲ್ಲಿ ಒಂದು ಉದಾಹರಣೆಗೆ ಜಾಗ ಬಿಟ್ಟಿದ್ದೇನೆ: 'ದೀರ್ಘವನ್ನು ಬಿಟ್ಟರೆ ಅರ್ಥ ಕೆಡುತ್ತದೆ. ಉದಾಹರಣೆ: ಜನರು ಪತ್ರಾ ಕೇಳಿದರು, ಪರಿಹಾರದ ವಿಶೇಷಾಧಿಕಾರಿಯು ಪತ್ರ ಕೊಟ್ಟನು, ಮನುಷ್ಯನು ಸತ್ತನು.' ಏಕವಚನದಲ್ಲಿ. ತಾವು ಇಲ್ಲಿಂದ ವರ್ಗವಾಗಿ ಹೋಗುವಿರಿ, ಬಡ್ತಿ ಪಡೆಯುವಿರಿ, ಹಾರ ಹಾಕಿಸಿಕೊಂಡು ನಿವೃತ್ತರಾಗುವಿರಿ. ವ್ಯಾಕರಣದ ಉದಾಹರಣೆಗಳಿಗೆ ವರ್ಗವೂ ಇಲ್ಲ, ನಿವೃತ್ತಿಯೂ ಇಲ್ಲ. ತಮ್ಮ ಮೊಮ್ಮಕ್ಕಳು ಅದನ್ನು ಕಂಠಪಾಠ ಮಾಡಿ ತಮ್ಮ ಎದುರಿಗೇ ಒಪ್ಪಿಸುವ ದಿನವನ್ನು ನಾನು ಬಹಳ ಪ್ರೀತಿಯಿಂದ ಕಲ್ಪಿಸಿಕೊಳ್ಳುತ್ತೇನೆ. ಸೇಡಂ ಎಂಬ ಊರಿನ ಹೆಸರಿಗೂ ಸೇಡು ಎಂಬ ಪದಕ್ಕೂ ವ್ಯುತ್ಪತ್ತಿಯಲ್ಲಿ ಯಾವ ಸಂಬಂಧವೂ ಇಲ್ಲವೆಂದು ಜೀವಮಾನವೆಲ್ಲ ವಾದಿಸುತ್ತ ಬಂದಿದ್ದೇನೆ. ತಮ್ಮ ಮಟ್ಟಿಗೆ ಆ ವಾದವನ್ನು ಹಿಂತೆಗೆದುಕೊಂಡಿದ್ದೇನೆ.

ಇಂತಿ,
ತಮ್ಮ ಅಚ್ಚಗನ್ನಡ ಭಾಷಣಕ್ಕೆ ಚಂದಾಪುರದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿ, ಈಗ ಆ ಕೈಗಳಿಂದಲೇ ಇದನ್ನು ಬರೆಯಬೇಕಾಗಿ ಬಂದ,
ಮಡಿವಾಳಯ್ಯ
ನಿವೃತ್ತ ಕನ್ನಡ ಪಂಡಿತ, ಸೇಡಂ
ಆಗಸ್ಟ್ 10, 1963

ತಮ್ಮ ಪ್ರಕಟಣೆಯಲ್ಲಿಯೂ, ಅದನ್ನು ನಂಬಿದ ನನ್ನ ಹಿಂದಿನ ಪತ್ರದಲ್ಲಿಯೂ ತಪ್ಪಾಗಿರುವ ದಿನಾಂಕಗಳ ತಿದ್ದುಪಡಿ:

ಭೂಕಂಪ: ಏಪ್ರಿಲ್ 29. ಇದೊಂದು ಸರಿಯಿದೆ, ಇದನ್ನು ಗೊತ್ತುಪಡಿಸಿದ್ದು ತಮ್ಮ ಕಾರ್ಯಾಲಯವಲ್ಲ.

ವಿಶೇಷಾಧಿಕಾರಿಗಳು ನೆಲ್ಲಿಗುಡ್ಡಕ್ಕೆ ಭೇಟಿ ಕೊಟ್ಟದ್ದು: ಏಪ್ರಿಲ್ 30 ಎಂದಿದೆ. ಬುಡಕ್ಕೆ ಬಂದದ್ದು ಮೇ 11. ಮೇಲಕ್ಕೆ ಇನ್ನೂ ಬಂದಿಲ್ಲ.

ಪರಿಹಾರ ವಿತರಣೆ: ಮೇ 6 ಎಂದಿದೆ. ಕಾಗದ ಬಂದದ್ದು ಮೇ 24. ಅದನ್ನು ಪರಿಹಾರವೆಂದು ಕರೆದದ್ದು ನನ್ನ ಇನ್ನೊಂದು ತಪ್ಪು.

ತಗಡು ಸೇಡಂ ನಿಲ್ದಾಣ ತಲುಪಿದ್ದು: ಪ್ರಕಟಣೆಯಲ್ಲಿ ಉಲ್ಲೇಖವಿಲ್ಲ. ಜೂನ್ 6.

ಪರಿಹಾರ ಕಾರ್ಯದ ಮುಕ್ತಾಯ: ಜೂನ್ 15 ಎಂದಿದೆ. ಆರಂಭವಾದ ದಿನಾಂಕವನ್ನು ತಿಳಿಸಿದರೆ ಮುಕ್ತಾಯವನ್ನು ತಿದ್ದಿಕೊಡುತ್ತೇನೆ.

ಚಂದ್ರಾಮಪ್ಪನ ಮರಣ: ಏಪ್ರಿಲ್ 29 ಎಂದಿದೆ. ಜುಲೈ 2.

ಸುಂದರಬಾಯಿ ಕೈಬಳೆ ಒಡೆದುಕೊಂಡದ್ದು: ತಮ್ಮ ನೋಂದಣಿಯಂತೆ ಏಪ್ರಿಲ್ 29 ಆಗಬೇಕು. ಜುಲೈ 2, ಸಂಜೆ. ಮೇ ತಿಂಗಳೆಲ್ಲ, ಜೂನ್ ತಿಂಗಳೆಲ್ಲ ಆಕೆ ಮುತ್ತೈದೆ.